ಗ್ರೌಂಡಿನ ಸುಖ, ಆಫೀಸಿನ ಸಂಕಟ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಹೆಚ್ಚೆಂದರೆ ವಿಜ್ಞಾನ. ಕ್ರೀಡೆಗೆ ಸಿಗುವುದು ವಾರ್ಷಿಕೋತ್ಸವದ ದಿನ ಐದು ನಿಮಿಷದ ವರದಿವಾಚನ. ಮುಖ್ಯ ಅತಿಥಿಗಳು ತಡವಾಗಿ ಬಂದರೆ ಅದಕ್ಕೂ ಕತ್ತರಿ. ಅಂಥದ್ದರಲ್ಲಿ ದೈಹಿಕ ಶಿಕ್ಷಣದವನೊಬ್ಬನನ್ನು ಕರೆದು ಒಂದು ಗಂಟೆ ಮಾತಾಡು ಎಂದಿದ್ದೀರಿ. ದತ್ತಿದಾನಿಗಳ ತಂದೆಯವರೂ ಇದೇ ವೃತ್ತಿಯವರೆಂದು ತಿಳಿದ ಮೇಲೆ ವಿಷಯ ಆರಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಕಾಲೇಜುಗಳಲ್ಲಿ ಆಟ ಕಲಿಸುವವರಿಗೆ ತಮ್ಮ ಕೆಲಸದಲ್ಲಿ ಯಾವುದರಿಂದ ಸಂತೋಷ, ಯಾವುದರಿಂದ ಬೇಸರ ಎನ್ನುವುದೇ ಇವತ್ತಿನ ಮಾತು.

ಯಾವುದೇ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ ಹೋಗಿ, ಅಲ್ಲಿನ ಪಿ.ಡಿ. ಸಾರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ 'ಕೆಲಸ ಹೇಗಿದೆ' ಎಂದು ಕೇಳಿ ನೋಡಿ. ಮೊದಲು ದೂರುಗಳ ಸುರಿಮಳೆ. ಹೋದ ವರ್ಷದ ಬಿಲ್ಲು ಇನ್ನೂ ಪಾಸಾಗಿಲ್ಲ, ಗ್ರೌಂಡಿನ ಅರ್ಧಕ್ಕೆ ಹೊಸ ಕಟ್ಟಡ ಬಂತು, ಗೇಟಿನಲ್ಲಿ ನಿಂತು ಐಡಿ ಕಾರ್ಡ್ ನೋಡುವುದೂ ನನ್ನ ತಲೆಗೇ. ಹೇಳುತ್ತ ಹೇಳುತ್ತ ದನಿ ಬದಲಾಗುತ್ತದೆ. 'ಈ ಸಲ ಒಬ್ಬ ಹುಡುಗ ಬಂದಿದಾನೆ ಸಾರ್, ಫಸ್ಟ್ ಇಯರ್ ಬಿ.ಎ., ಉದ್ದ ಜಿಗಿತದಲ್ಲಿ ಅವನ ಟೇಕಾಫ್ ನೋಡಬೇಕು ನೀವು.' ಹತ್ತು ನಿಮಿಷದ ಹಿಂದೆ ರಾಜೀನಾಮೆ ಕೊಡುವ ಮಾತಾಡುತ್ತಿದ್ದವರು ಇವರೇನಾ ಎನ್ನಿಸುತ್ತದೆ. ಇವರನ್ನು ತೃಪ್ತರ ಪಟ್ಟಿಗೆ ಸೇರಿಸಬೇಕೋ, ಅತೃಪ್ತರ ಪಟ್ಟಿಗೋ?

ಎರಡಕ್ಕೂ ಸೇರಿಸಬೇಕು. ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಎಂಜಿನಿಯರು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ನಿಮಗೆ ತುಂಬ ಖುಷಿಯಾದ ಸಂದರ್ಭ ಯಾವುದು, ತುಂಬ ಬೇಜಾರಾದ ಸಂದರ್ಭ ಯಾವುದು ಎಂಬುದಷ್ಟೇ ಕೇಳಿದ ಪ್ರಶ್ನೆ. ಖುಷಿ ಕೊಟ್ಟ ಸಂಗತಿಗಳೇ ಬೇರೆ, ಬೇಜಾರು ತಂದವೇ ಬೇರೆ ಎಂದು ಉತ್ತರಗಳಿಂದ ತಿಳಿಯಿತು. ಸಾಧಿಸಿದ್ದು, ಗುರುತಿಸಿಕೊಂಡದ್ದು, ಕೆಲಸದ ಒಳಗಿನ ಸೊಗಸು, ಹೊಣೆ ಹೊತ್ತದ್ದು ಇವು ಖುಷಿಯ ಕಡೆ. ಸಂಸ್ಥೆಯ ನಿಯಮಾವಳಿ, ಮೇಲಧಿಕಾರಿಯ ವರ್ತನೆ, ಸಂಬಳ, ಕೆಲಸದ ಜಾಗದ ಸ್ಥಿತಿ ಇವು ಬೇಜಾರಿನ ಕಡೆ. ಆಫೀಸಿನ ಕಿರಿಕಿರಿಯನ್ನು ಪೂರ್ತಿ ತೆಗೆದುಹಾಕಿದರೂ ಮನುಷ್ಯ ಸಂತೋಷಪಡುವುದಿಲ್ಲ, ಕಿರಿಕಿರಿ ಇಲ್ಲದವನಾಗುತ್ತಾನೆ ಅಷ್ಟೆ. ಈ ಸಿದ್ಧಾಂತದ ಮೇಲೆ ಆಮೇಲೆ ಬೇಕಾದಷ್ಟು ವಾದವಿವಾದ ನಡೆದಿದೆ, ಅದರ ಗೊಡವೆ ಇವತ್ತು ಬೇಡ. ಕಾರ್ಖಾನೆಗೆ, ಬ್ಯಾಂಕಿಗೆ ಇದು ಎಷ್ಟರಮಟ್ಟಿಗೆ ಹೊಂದುತ್ತದೋ, ನಮ್ಮ ವೃತ್ತಿಗಂತೂ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ನಮ್ಮಲ್ಲಿ ಆ ಎರಡು ಕಡೆಗಳಿಗೆ ಬೇರೆ ಬೇರೆ ಜಾಗಗಳೇ ಇವೆ: ಒಂದು ಗ್ರೌಂಡು, ಇನ್ನೊಂದು ಆಫೀಸು.

ಮೊದಲು ಈ ಮನುಷ್ಯ ಯಾರು ಎಂದು ನೋಡೋಣ. ಅಮೆರಿಕದ ಕಾಲೇಜಿನಲ್ಲಿ ಒಂದೊಂದು ಆಟಕ್ಕೂ ಒಬ್ಬೊಬ್ಬ ಕೋಚ್, ಅವರ ಕೈಕೆಳಗೆ ಸಹಾಯಕರು. ನಮ್ಮಲ್ಲಿ ಎಲ್ಲ ಆಟಕ್ಕೂ ಒಬ್ಬರೇ. ಬೆಳಿಗ್ಗೆ ಕ್ರಾಸ್ ಕಂಟ್ರಿ ಓಟದವರ ಹಿಂದೆ ಬೈಕು, ಸಂಜೆ ಕಬಡ್ಡಿ, ಅದರ ಪಕ್ಕದಲ್ಲೇ ಬಾಲ್ ಬ್ಯಾಡ್ಮಿಂಟನ್, ನಡುವೆ ಚೆಸ್ ಟೀಮಿನ ಎಂಟ್ರಿ ಫಾರ್ಮಿಗೆ ಸಹಿ. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದಾಗಿನಿಂದ ನಮಗೆ ಬಂದ ಪರಂಪರೆ ಇದು. ದೈಹಿಕ ಶಿಕ್ಷಣವೆಂದರೆ ಎಲ್ಲರಿಗೂ ವ್ಯಾಯಾಮ, ಎಲ್ಲರಿಗೂ ಆಟ. ಒಂದೇ ಆಟವನ್ನು ಆಳವಾಗಿ ಕಲಿತು ಕಲಿಸುವ ಕೋಚ್ ಎಂಬ ವೃತ್ತಿಗೆ ನಮ್ಮ ದೇಶದಲ್ಲಿ ನೆಲೆ ಸಿಕ್ಕಿದ್ದು 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದ ಮೇಲೆ. ಹಾಗಾಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಓದಿನಿಂದ ಶಿಕ್ಷಕರು, ನೇಮಕದಿಂದ ಅಧಿಕಾರಿ. ಸಂಜೆಯ ಹೊತ್ತು ಮಾತ್ರ ಕೋಚ್. ಯೂನಿವರ್ಸಿಟಿ ಕೇಳುವುದು, ಪತ್ರಿಕೆಯಲ್ಲಿ ಬರುವುದು, ಆಡಳಿತ ಮಂಡಳಿ ಲೆಕ್ಕ ಹಾಕುವುದು ಮಾತ್ರ ಆ ಮೂರನೇ ಕೆಲಸವನ್ನು.

ಸ್ಥಾನಮಾನದ ವಿಷಯಕ್ಕೆ ಬರೋಣ. ಕಾಗದದ ಮೇಲೆ ಯು.ಜಿ.ಸಿ. ನಮ್ಮನ್ನು ಸಹಾಯಕ ಪ್ರಾಧ್ಯಾಪಕರ ಸಾಲಿನಲ್ಲೇ ಇಟ್ಟಿದೆ. ಅದೇ ವೇತನಶ್ರೇಣಿ, ಅದೇ ನೆಟ್ ಪರೀಕ್ಷೆ, ಬಡ್ತಿಗೆ ಅದೇ ಸಂಶೋಧನಾ ಲೇಖನಗಳ ಪಟ್ಟಿ. ಜೊತೆಗೊಂದು ಹೆಚ್ಚಿನ ಪರೀಕ್ಷೆಯೂ ಇದೆ. ಮೂವತ್ತರೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1800 ಮೀಟರ್, ಮಹಿಳಾ ಅಭ್ಯರ್ಥಿ 8 ನಿಮಿಷದಲ್ಲಿ 1000 ಮೀಟರ್ ಓಡಿಯೋ ನಡೆದೋ ಮುಗಿಸಬೇಕು. ಕನ್ನಡ ಪ್ರಾಧ್ಯಾಪಕರ ಕೈಗೆ ಹಳಗನ್ನಡ ಪದ್ಯ ಕೊಟ್ಟು ಯಾರೂ ಸ್ಟಾಪ್‌ವಾಚ್ ಹಿಡಿಯುವುದಿಲ್ಲ. ಇದು ತಪ್ಪೆಂದು ನಾನು ಹೇಳುತ್ತಿಲ್ಲ, ಓಡಲಾರದವರು ಓಡಿಸಲಾರರು. ಆದರೆ ಇಷ್ಟೆಲ್ಲ ಆದ ಮೇಲೂ ಸ್ಟಾಫ್ ರೂಮಿನಲ್ಲಿ ನಾವು 'ಪಿ.ಟಿ. ಮೇಷ್ಟ್ರು'. ದೈಹಿಕ ಶಿಕ್ಷಣದವರು ಅಧ್ಯಾಪಕರು ಹೌದೋ ಅಲ್ಲವೋ ಎಂಬ ಪ್ರಶ್ನೆ ನಿವೃತ್ತಿ ವಯಸ್ಸಿನ ನೆಪದಲ್ಲಿ ದೇಶದ ಹಲವು ಕೋರ್ಟುಗಳ ಮೆಟ್ಟಿಲು ಹತ್ತಿದೆ. ಇತಿಹಾಸದ ಮೇಷ್ಟರಿಗೆ ತಾವು ಮೇಷ್ಟರೆಂದು ಸಾಬೀತುಪಡಿಸಲು ವಕೀಲರನ್ನು ಇಡಬೇಕಾಗಿ ಬಂದಿಲ್ಲ.

ಇನ್ನು ದಿನನಿತ್ಯದ ಪಾಡು. ಅಂತರ ಕಾಲೇಜು ಟೂರ್ನಮೆಂಟಿಗೆ ಹನ್ನೆರಡು ಹುಡುಗರನ್ನು ಕರೆದುಕೊಂಡು ಹೋಗುವುದೆಂದರೆ ಏನು? ಎಲಿಜಿಬಿಲಿಟಿ ಫಾರಂ, ಅದಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ನಕಲು, ಪ್ರಾಂಶುಪಾಲರ ಸಹಿ. ಅವರು ಮೀಟಿಂಗಿಗೆಂದು ಬೆಂಗಳೂರಿಗೆ ಹೋಗಿರುತ್ತಾರೆ. ಮುಂಗಡ ಹಣ ಮಂಜೂರಾಗುವಷ್ಟರಲ್ಲಿ ಟೂರ್ನಮೆಂಟೇ ಮುಗಿದಿರುತ್ತದೆ, ಆದ್ದರಿಂದ ಕೈಯಿಂದ ಹಾಕಿಕೊಂಡು ಹೋಗುವುದು. ವಾಪಸು ಬಂದ ಮೇಲೆ ವೋಚರುಗಳ ಯುದ್ಧ. ಹಳ್ಳಿಯ ರಸ್ತೆಬದಿಯಲ್ಲಿ ಕೊಂಡ ಬಾಳೆಹಣ್ಣಿಗೆ, ನಿಂಬೆಹಣ್ಣಿಗೆ ಜಿ.ಎಸ್.ಟಿ. ಬಿಲ್ಲು ಎಲ್ಲಿ ಎಂದು ಒಬ್ಬ ಗುಮಾಸ್ತರು ನನ್ನನ್ನು ಗಂಭೀರವಾಗಿ ಕೇಳಿದ್ದುಂಟು. ಮೂರು ಕೊಟೇಶನ್ ತರಿಸಿ ಕಡಿಮೆ ದರದವರಿಂದ ಕೊಂಡ ವಾಲಿಬಾಲ್ ಒಂದೇ ತಿಂಗಳಿಗೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ಸ್ಟಾಕ್ ರಿಜಿಸ್ಟರಿನಿಂದ ತೆಗೆಸಲು ಇನ್ನೊಂದು ಸಮಿತಿ ಕೂರಬೇಕು.

ಪ್ರತಿ ವಿದ್ಯಾರ್ಥಿಯಿಂದಲೂ ಪ್ರವೇಶದ ಸಮಯದಲ್ಲಿ ಕ್ರೀಡಾ ಶುಲ್ಕ ವಸೂಲಾಗುತ್ತದೆ. ಅದು ಎಷ್ಟು ಬಂತು, ಯೂನಿವರ್ಸಿಟಿಗೆ ಎಷ್ಟು ಹೋಯಿತು, ಕಾಲೇಜಿನಲ್ಲಿ ಎಷ್ಟು ಉಳಿಯಿತು ಎನ್ನುವ ಲೆಕ್ಕ, ಆ ಹಣವನ್ನು ಖರ್ಚು ಮಾಡಬೇಕಾದ ಮನುಷ್ಯನಿಗೇ ಅನೇಕ ಕಡೆ ಗೊತ್ತಿರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಕೇಳಿದ್ದಕ್ಕೆ 'ನಿಮಗ್ಯಾಕೆ ಅದೆಲ್ಲ, ಬೇಕಾದ್ದು ಹೇಳಿ ಕೊಡಿಸ್ತೀವಿ' ಎಂಬ ಉತ್ತರ ಬಂತು. ಹೇಳಿದ್ದನ್ನು ಕೊಡಿಸಲಿಲ್ಲ ಎಂಬ ದುಃಖಕ್ಕಿಂತ ಆ 'ನಿಮಗ್ಯಾಕೆ' ಎಂಬ ಮಾತು ಹೆಚ್ಚು ಕಾಲ ನೆನಪಿನಲ್ಲಿ ಉಳಿಯಿತು. ನಮ್ಮ ವೃತ್ತಿಯ ಅಸಮಾಧಾನದಲ್ಲಿ ಹಣದ ಪಾಲು ಜನ ತಿಳಿದಷ್ಟು ದೊಡ್ಡದಲ್ಲ. ಕಾಯಂ ಹುದ್ದೆಯಲ್ಲಿರುವ ನಮಗೆ ಸಂಬಳ ಚೆನ್ನಾಗಿಯೇ ಇದೆ, ಅದನ್ನು ಈ ಸಭೆಯಲ್ಲಿ ಮುಚ್ಚಿಡಬಾರದು. ಖಾಲಿ ಬಿದ್ದ ಹುದ್ದೆಗಳಲ್ಲಿ ವರ್ಷವರ್ಷದ ಲೆಕ್ಕದಲ್ಲಿ ದುಡಿಯುವ ಕಿರಿಯರ ಕಥೆ ಬೇರೆ. ಕ್ಲಾಸಿನ ಗಂಟೆಗಳನ್ನು ಎಣಿಸಿ ಕೆಲಸದ ಹೊರೆ ನಿಗದಿ ಮಾಡುವ ವ್ಯವಸ್ಥೆಯಲ್ಲಿ, ಬೆಳಗಿನ ಆರು ಗಂಟೆಯ ಗ್ರೌಂಡನ್ನು ಯಾವ ಗಂಟೆಗೆ ಸೇರಿಸುತ್ತಾರೆ? ಮುಂದಿನ ಜೂನಿನಲ್ಲಿ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವರು ಮೂರು ವರ್ಷದ ತರಬೇತಿ ಯೋಜನೆ ಹಾಕುವುದಾದರೂ ಹೇಗೆ?

ಅಮೆರಿಕದಲ್ಲಿ ಇಂಥ ಅಂಶಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಅಳೆಯಲು ಪ್ರಯತ್ನಿಸಿದವರು ಪ್ರೊಫೆಸರ್ ಚೆಲ್ಲದುರೈ. ಬಕ್ ಅವರ ಮದರಾಸಿನ ಕಾಲೇಜಿನಲ್ಲೇ ಓದಿ, ಮುಂದೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ವಹಣೆಯ ಪ್ರಾಧ್ಯಾಪಕರಾದವರು. 2003ರಲ್ಲಿ ಜಪಾನಿನ ವಿದ್ವಾಂಸರೊಬ್ಬರ ಜೊತೆ ಅಮೆರಿಕದ ಮತ್ತು ಜಪಾನಿನ ಕಾಲೇಜು ಕೋಚ್‌ಗಳನ್ನು ಹೋಲಿಸಿದ ಅಧ್ಯಯನ ಪ್ರಕಟಿಸಿದರು. ನನ್ನ ಗಮನ ಹೋದದ್ದು ಅವರ ಪ್ರಶ್ನಾವಳಿಯ ಕಡೆಗೆ. ಮೇಲಧಿಕಾರಿ, ಸ್ವಾತಂತ್ರ್ಯ, ಸೌಲಭ್ಯ, ಸಂಬಳ, ಕೆಲಸದ ಹೊರೆ, ಉದ್ಯೋಗ ಭದ್ರತೆ, ತಂಡದ ಸಾಧನೆ ಇವೆಲ್ಲದರ ಜೊತೆ ಇನ್ನೊಂದು ಅಂಶವನ್ನೂ ಅವರು ಸೇರಿಸಿದ್ದರು: ನಿಮ್ಮ ಆಟಗಾರರ ಓದಿನ ಪ್ರಗತಿ ನಿಮಗೆ ತೃಪ್ತಿ ತಂದಿದೆಯೇ? ಕಾಲೇಜು ಕೋಚನ್ನು ಕ್ಲಬ್ ಕೋಚಿನಿಂದ ಬೇರೆ ಮಾಡುವುದು ಇದೇ. ಇಂಟರ್ನಲ್ಸ್ ಇದ್ದ ದಿನವೇ ಸೌತ್ ಝೋನ್ ಪಂದ್ಯ ಬಂದಾಗ ಹುಡುಗನ ಪರವಾಗಿ ಒಂದೊಂದು ವಿಭಾಗಕ್ಕೂ ಹೋಗಿ 'ಓಓಡಿ ಹಾಕಿಕೊಡಿ ಮೇಡಂ' ಎಂದು ಕೈಕಟ್ಟಿ ನಿಂತವರಿಗೆ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಹುಡುಗ ಬ್ಲೇಜರ್ ಹಾಕಿಕೊಂಡು ಯೂನಿವರ್ಸಿಟಿ ಬ್ಲೂ ಆಗುತ್ತಾನೆ, ಅಟೆಂಡೆನ್ಸ್ ಶಾರ್ಟೇಜಿನಿಂದ ಅದೇ ಸೆಮಿಸ್ಟರಿನಲ್ಲಿ ಕೂತುಕೊಳ್ಳುತ್ತಾನೆ. ಎರಡಕ್ಕೂ ಕಾರಣಕರ್ತರು ನಾವೇ ಎಂದು ಅವನ ಮನೆಯವರು ತಿಳಿಯುತ್ತಾರೆ, ಪೂರ್ತಿ ತಪ್ಪೂ ಅಲ್ಲ.

ಹಣ ಸುರಿದರೆ ಈ ಅಸಮಾಧಾನವೆಲ್ಲ ತೊಳೆದುಹೋಗುತ್ತದೆಯೇ? ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳದವರಲ್ಲೆಲ್ಲ ಹೆಚ್ಚು ಹಣ ಪಡೆಯುವುದು ಗವರ್ನರ್ ಅಲ್ಲ, ಯೂನಿವರ್ಸಿಟಿಯ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಅಲಬಾಮದ ನಿಕ್ ಸೇಬನ್ ಅಂಥವರಲ್ಲಿ ಅಗ್ರಗಣ್ಯರು, ಏಳು ರಾಷ್ಟ್ರೀಯ ಪ್ರಶಸ್ತಿಗಳ ಒಡೆಯ. 2024ರ ಜನವರಿಯಲ್ಲಿ ಅವರು ನಿವೃತ್ತರಾದರು. ವಯಸ್ಸಾಗಿತ್ತು, ದಣಿವಿತ್ತು. ಜೊತೆಗೆ, 2021ರಿಂದ ಆಟಗಾರರಿಗೆ ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅವಕಾಶವಾದ ಮೇಲೆ ಮಾತೆಲ್ಲ 'ಎಷ್ಟು ಕೊಡುತ್ತೀರಿ' ಎನ್ನುವಲ್ಲಿಗೇ ಬಂದು ನಿಲ್ಲುತ್ತದೆಂಬ ಬೇಸರವನ್ನು ಆಮೇಲೆ ಬಹಿರಂಗವಾಗಿಯೇ ಹೇಳಿಕೊಂಡರು. ಕೋಟಿ ಕೋಟಿ ಪಡೆದವರು ಅದೇ ಮಾತನ್ನು ಆಟಗಾರರ ಬಾಯಲ್ಲಿ ಕೇಳಿ ನೊಂದುಕೊಳ್ಳುವುದು ಸ್ವಲ್ಪ ತಮಾಷೆಯೇ. ಆದರೂ ಅವರ ನೋವು ನನಗೆ ಅರ್ಥವಾಗುತ್ತದೆ. ಆಫೀಸಿನ ಕಡೆಯಿಂದ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಅಲುಗಾಡಿದ್ದು ಗ್ರೌಂಡಿನ ಕಡೆ, ಗುರುಶಿಷ್ಯರ ಸಂಬಂಧದ ಕಡೆ.

ಇದಕ್ಕೆ ಎದುರಾಗಿ ಜಾನ್ ವುಡನ್ ಅವರನ್ನು ನೆನೆಯಿರಿ. 1948ರಲ್ಲಿ ಯು.ಸಿ.ಎಲ್.ಎ.ಗೆ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಂದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ, ಹದಿನಾರನೇ ಋತುವಿನಲ್ಲಿ. ಆಮೇಲೆ 1975ರಲ್ಲಿ ನಿವೃತ್ತರಾಗುವ ತನಕ ಇನ್ನೂ ಒಂಬತ್ತು. ಹದಿನೈದು ವರ್ಷ ಕಾದ ಆ ವಿಶ್ವವಿದ್ಯಾಲಯದ ತಾಳ್ಮೆಗೂ ಒಂದು ಪದಕ ಕೊಡಬೇಕಿತ್ತು. ಇವತ್ತು ಅಲ್ಲಿ ಮೂರು ಋತು ಸೋತರೆ ಕೋಚ್ ಪೆಟ್ಟಿಗೆ ಕಟ್ಟಬೇಕು. ಆ ಗಾಳಿ ನಮ್ಮಲ್ಲಿಗೂ ಬೀಸಿದೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯ ತುದಿಯಲ್ಲಿ ನಿಂತಿತು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಕೊಟ್ಟು ಮಂಗಳೂರು ವಿಶ್ವವಿದ್ಯಾಲಯವನ್ನು ಅಥ್ಲೆಟಿಕ್ಸ್‌ನಲ್ಲಿ ದೇಶದ ಮುಂಚೂಣಿಗೆ ತಂದಿತು. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಬಡ ಹುಡುಗಿಯೊಬ್ಬಳಿಗೆ ಮೂರು ಹೊತ್ತಿನ ಊಟ, ಸಿಂಥೆಟಿಕ್ ಟ್ರ್ಯಾಕು ಸಿಗುವುದು ಸಣ್ಣ ಮಾತಲ್ಲ. ಆದರೆ ಇಂಥ ಸ್ಪರ್ಧೆ ಬೆಳೆದಂತೆ ತಯಾರಾದ ಆಟಗಾರರನ್ನು ಹುಡುಕಿ ತರುವುದೇ ಕೋಚಿನ ಮುಖ್ಯ ಕೆಲಸವಾಗುವ ಅಪಾಯವಿದೆ, ಕಲಿಸುವ ಕೆಲಸ ಹಿಂದೆ ಸರಿಯುತ್ತದೆ. ತಾಲ್ಲೂಕು ಕಾಲೇಜಿನವರು ಮೊದಲ ವರ್ಷ ಬೆಳೆಸಿದ ಹುಡುಗ ಎರಡನೇ ವರ್ಷಕ್ಕೆ ಟಿ.ಸಿ. ಕೇಳಲು ಬರುತ್ತಾನೆ. ಒಳ್ಳೆಯದಾಗಲಿ ಎಂದು ಸಹಿ ಮಾಡಿ ಕಳಿಸುತ್ತೇವೆ.

ಹಾಗೆ ಹೋದವನು ಗೆದ್ದಾಗ ಅವನು ಯಾರ ಶಿಷ್ಯ? 2021ರಲ್ಲಿ ನೀರಜ್ ಚೋಪ್ರಾ ಟೋಕಿಯೊದಲ್ಲಿ ಚಿನ್ನ ಗೆದ್ದಾಗ ಈ ಪ್ರಶ್ನೆ ನಮ್ಮ ರಾಜ್ಯದಲ್ಲೇ ದೊಡ್ಡ ಸುದ್ದಿಯಾಯಿತು. ಶಿರಸಿ ಕಡೆಯ, ಸೇನೆಯಲ್ಲಿದ್ದ ಕಾಶಿನಾಥ ನಾಯ್ಕರು ನೀರಜ್‌ಗೆ ತರಬೇತಿ ಕೊಟ್ಟವರೆಂದು ಕರ್ನಾಟಕ ಸರ್ಕಾರ 10 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿತು. ಅಥ್ಲೆಟಿಕ್ಸ್ ಫೆಡರೇಷನ್ನಿನ ಅಧ್ಯಕ್ಷರು ಅವರ ಹೆಸರೇ ತಿಳಿಯದೆಂಬಂತೆ ಮಾತಾಡಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್‌ನಲ್ಲೇ ಕಂಚು ಗೆದ್ದ, ರಾಷ್ಟ್ರೀಯ ಶಿಬಿರದಲ್ಲಿ ಕೋಚ್ ಆಗಿದ್ದ ಮನುಷ್ಯ ತಾನು ಯಾರೆಂದು ಪತ್ರಿಕೆಗಳಿಗೆ ವಿವರಿಸಬೇಕಾಯಿತು. ಒಬ್ಬ ಆಟಗಾರನ ಹಿಂದೆ ಶಾಲೆಯ ಮೇಷ್ಟರು, ಕಾಲೇಜಿನ ನಿರ್ದೇಶಕರು, ಶಿಬಿರದ ಕೋಚ್, ಕೊನೆಗೆ ವಿದೇಶಿ ತಜ್ಞರು ಇರುತ್ತಾರೆ. ನಮ್ಮ ಬಹುಮಾನ ಪದ್ಧತಿಗೆ ಕೊನೆಯ ಕೈಯೊಂದೇ ಕಾಣುತ್ತದೆ.

ಗುರುತಿಸುವುದೂ ಎಷ್ಟು ತಡ! ಅಶ್ವಿನಿ ನಾಚಪ್ಪ, ವಂದನಾ ರಾವ್ ಮುಂತಾದ ಓಟಗಾರ್ತಿಯರನ್ನು ಬೆಳೆಸಿದ ಬೆಂಗಳೂರಿನ ಪುರುಷೋತ್ತಮ ರೈ ಅವರಿಗೆ 2020ರಲ್ಲಿ ಜೀವಮಾನ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಘೋಷಣೆಯಾಯಿತು. ಕೊರೊನಾ ಕಾಲವಾದ್ದರಿಂದ ಸಮಾರಂಭ ಆನ್‌ಲೈನ್. ಅದರ ತಾಲೀಮಿನಲ್ಲಿ ಪಾಲ್ಗೊಂಡು, ಪ್ರಶಸ್ತಿ ಪ್ರದಾನದ ಹಿಂದಿನ ದಿನ ಆಗಸ್ಟ್ 28ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 79 ವರ್ಷ. ಅವರ ಶಿಷ್ಯೆಯರು ಓಡಿ ಹೆಸರು ಮಾಡಿದ್ದು ಎಂಬತ್ತರ ದಶಕದಲ್ಲಿ.

ಮಹಿಳೆಯರ ವಿಚಾರ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಅಮೆರಿಕದಲ್ಲಿ 1972ರಲ್ಲಿ ಕ್ರೀಡೆಯೂ ಸೇರಿದಂತೆ ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂಬ ಕಾನೂನು ಬಂತು. ಆಗ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಹಿಳೆಯರೇ ಇದ್ದರು. 2014ರ ಹೊತ್ತಿಗೆ ಅದು ನೂರಕ್ಕೆ ನಲವತ್ಮೂರರ ಆಸುಪಾಸಿಗೆ ಇಳಿದಿತ್ತು. ಮಹಿಳಾ ತಂಡಗಳಿಗೆ ಹಣ, ಮಾನ ಬಂದ ಕೂಡಲೇ ಗಂಡಸರು ಆ ಕುರ್ಚಿಗಳಿಗೆ ಬಂದರು. ನಮ್ಮಲ್ಲಿ ಆ ಕುರ್ಚಿಗಳಲ್ಲಿ ಮಹಿಳೆಯರು ಮೊದಲಿನಿಂದಲೂ ಕಡಿಮೆ. ಹುಡುಗಿಯರ ಖೋಖೋ ತಂಡ ಹೊರಟರೆ ಆಟದ ಗಂಧವಿಲ್ಲದ ಯಾರೋ ಒಬ್ಬ ಉಪನ್ಯಾಸಕಿಯನ್ನು ಮ್ಯಾನೇಜರ್ ಎಂದು ಜೊತೆಗೆ ಕಳಿಸುತ್ತಾರೆ, ಪಾಪ, ಅವರು ಬಿಸಿಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಾರೆ. ನನ್ನ ಸಹೋದ್ಯೋಗಿಯಾಗಿದ್ದ ಒಬ್ಬ ನಿರ್ದೇಶಕಿ ಹೇಳುತ್ತಿದ್ದರು: 'ಊರಿನವರ ಮಕ್ಕಳನ್ನೆಲ್ಲ ಕರ್ಕೊಂಡು ರೈಲಿನಲ್ಲಿ ಓಡಾಡ್ತೀನಿ ಸಾರ್, ನನ್ನ ಮಗಳು ಅಮ್ಮನ ಮನೇಲಿ ಬೆಳೀತಿದಾಳೆ. ನನ್ನ ಗಂಡ ಇದೇ ಕೆಲಸ ಮಾಡಿದ್ದಿದ್ರೆ ಇದನ್ನ ಯಾರೂ ಕೇಳ್ತಿರಲಿಲ್ಲ.' ಆಕೆ ಕೆಲಸ ಬಿಡಲಿಲ್ಲ. ಯಾಕೆಂದು ಕೇಳಿದರೆ, ಮದುವೆ ಮುಂದಕ್ಕೆ ಹಾಕಿ ಪೊಲೀಸ್ ಇಲಾಖೆ ಸೇರಿದ ತಮ್ಮ ಶಿಷ್ಯೆಯೊಬ್ಬಳ ಹೆಸರು ಹೇಳುತ್ತಿದ್ದರು.

ನಮ್ಮ ಸುಖ ಇಂಥದ್ದು. ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸ ಸಿಕ್ಕಿತೆಂದು ಮನೆಯವರಿಗೂ ಮೊದಲು ನಮಗೆ ಬರುವ ಫೋನು. ಸೆಮಿಫೈನಲ್ ಸೋತ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರ ಜೊತೆ ಕೂತು ತಿಂದ ಚಿತ್ರಾನ್ನ. ಇಷ್ಟು ದಿನ ಬಾರದ ರಿಲೇ ಬೇಟನ್ ಚೇಂಜ್ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಬಂದುಬಿಡುವುದು. ಇಷ್ಟು ಸಿಗುತ್ತದೆಂದೇ ನಮ್ಮವರು ಕೆಲಸ ಬಿಡುವುದಿಲ್ಲ. ನನ್ನ ತಕರಾರು ಇರುವುದೂ ಇಲ್ಲೇ. ಇವರು ಹೇಗಿದ್ದರೂ ಬಿಟ್ಟು ಹೋಗುವುದಿಲ್ಲ ಎಂದು ಆಡಳಿತಕ್ಕೆ ಗೊತ್ತು. 'ಆಟದ ಹುಚ್ಚು, ಮಾಡ್ಕೊಂಡು ಹೋಗ್ತಾರೆ ಬಿಡಿ' ಎಂಬ ಧೈರ್ಯದ ಮೇಲೆ ಬಿಲ್ಲು ಬಾಕಿ ಉಳಿಯುತ್ತದೆ, ಗ್ರೌಂಡು ಕಟ್ಟಡವಾಗುತ್ತದೆ, ಹುದ್ದೆ ಖಾಲಿ ಬೀಳುತ್ತದೆ. ಗ್ರೌಂಡಿನಲ್ಲಿ ಸಿಗುವ ತೃಪ್ತಿಯನ್ನು ಆಫೀಸಿನವರು ತಮ್ಮ ಜಮೆಗೆ ಬರೆದುಕೊಳ್ಳುತ್ತಿದ್ದಾರೆ.

ನಮ್ಮ ವೃತ್ತಿಯಲ್ಲಿ ಪೂರ್ತಿ ನೆಮ್ಮದಿಯಾಗಿರುವ ಒಂದು ವರ್ಗವೂ ಇದೆ. ಅವರು ಗ್ರೌಂಡಿಗೆ ಇಳಿಯುವುದನ್ನು ಎಂದೋ ಬಿಟ್ಟವರು. ನ್ಯಾಕ್ ಸಮಿತಿ ಬರುವಾಗ ಫೋಟೋ ಆಲ್ಬಂ ಜೋಡಿಸುವುದು, ಸ್ವಾತಂತ್ರ್ಯ ದಿನದಂದು ಧ್ವಜದ ಹಗ್ಗ ನೋಡಿಕೊಳ್ಳುವುದು, ಪ್ರಾಂಶುಪಾಲರ ಕೊಠಡಿಯಲ್ಲಿ ಕಾಫಿ ಕುಡಿಯುವುದು ಇವಿಷ್ಟರಲ್ಲೇ ಅವರ ದಿನ ಸುಗಮ. ಬಿಲ್ಲಿನ ಜಗಳವಿಲ್ಲ, ಏಕೆಂದರೆ ಟೀಮೇ ಇಲ್ಲ. ಅವರನ್ನು ಸಮೀಕ್ಷೆ ಮಾಡಿದರೆ 'ತೃಪ್ತ' ಎಂಬ ಚೌಕಕ್ಕೇ ಗುರುತು ಹಾಕುತ್ತಾರೆ. ಹರ್ಜ್‌ಬರ್ಗ್ ಇದ್ದಿದ್ದರೆ ಅದು ತೃಪ್ತಿಯಲ್ಲ, ಬರೀ ಅತೃಪ್ತಿಯ ಗೈರುಹಾಜರಿ ಎನ್ನುತ್ತಿದ್ದರೇನೋ. ಈ ವರ್ಗ ಹುಟ್ಟುವುದು ಸೋಮಾರಿತನದಿಂದ ಮಾತ್ರವಲ್ಲ. ಇಪ್ಪತ್ತೈದರ ಹರೆಯದಲ್ಲಿ ಬೆಳಿಗ್ಗೆ ಐದೂವರೆಗೆ ಸುಣ್ಣದ ಗೆರೆ ಎಳೆಯುತ್ತಿದ್ದವರೇ ನಲವತ್ತೈದಕ್ಕೆ ಹಾಗಾಗಿರುವುದನ್ನು ಕಂಡಿದ್ದೇನೆ. ಹೋರಾಡಿ ಸೋತವರಿಗಿಂತ ಈ ನೆಮ್ಮದಿಯವರ ಬಗ್ಗೆಯೇ ಕಾಲೇಜುಗಳು ಹೆಚ್ಚು ಚಿಂತೆಪಡಬೇಕು.

ಇಲ್ಲಿ ಪ್ರಾಂಶುಪಾಲರೂ ಆಡಳಿತ ಮಂಡಳಿಯವರೂ ಇದ್ದೀರಿ. ದೊಡ್ಡ ಸ್ಟೇಡಿಯಂ ಕಟ್ಟಿಸಿ ಎಂದು ನಾನು ಕೇಳುವುದಿಲ್ಲ. ಕ್ರೀಡಾ ಶುಲ್ಕ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಪ್ರತಿವರ್ಷ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ಟೂರ್ನಮೆಂಟಿಗೆ ಹೋಗುವ ಮುಂಚೆ ಮುಂಗಡ ಕೊಡಿ. ಗೆದ್ದ ಹುಡುಗಿಯ ಫೋಟೋ ಹಾಕುವ ಬ್ಯಾನರಿನಲ್ಲಿ ಕಲಿಸಿದವರ ಹೆಸರನ್ನೂ ಹಾಕಿ, ನಿಮ್ಮ ಫೋಟೋ ಬೇಕಾದರೆ ಸ್ವಲ್ಪ ಸಣ್ಣದಾಗಲಿ. ಮತ್ತು ನಾಳೆಯಿಂದ ಸಂಜೆ ನಾಲ್ಕೂವರೆಯ ನಂತರ ಯಾವ ಸಮಿತಿಯ ಸಭೆಗೂ ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕರೆಯಬೇಡಿ. ಆ ಹೊತ್ತಿನಲ್ಲಿ ಅವರು ಎಲ್ಲಿದ್ದಾರೆಂದು ತಿಳಿಯಬೇಕಾದರೆ, ದಯವಿಟ್ಟು ನೀವೇ ಗ್ರೌಂಡಿಗೆ ಹೋಗಿ ನೋಡಿ.